ಎರಡನೆಯ ಟ್ರಂಪೆಟ್

ವಿಜಯಪುರದ ಗೋಲಗುಮ್ಮಟದ ಎದುರಿಗೆ ನಿಂತಿರುವ ನಗಾರಖಾನೆಯಲ್ಲಿ ಇಂದು ವಸ್ತುಸಂಗ್ರಹಾಲಯವಿದೆ. ನಗಾರಿ, ಶಹನಾಯಿ, ಕಹಳೆಗಳು ಹೊತ್ತುಹೊತ್ತಿಗೆ ಮೊಳಗಲೆಂದು ಕಟ್ಟುತ್ತಿದ್ದ ಮಾಳಿಗೆಗೆ ಆ ಹೆಸರು. ಸಂಗೀತದ ಮೋಹದಿಂದ ‘ಕಿತಾಬ್-ಎ-ನೌರಸ್’ ರಚಿಸಿದ ಎರಡನೆಯ ಇಬ್ರಾಹಿಂ ಆದಿಲಶಹನ ಊರಿದು. ಆ ಕಾಲದ ಮೊಳಗು ಎಂದೋ ಅಡಗಿತು. ಆದರೆ ಬೀದಿಯಲ್ಲಿ ಮಂಗಳಧ್ವನಿಯನ್ನೆಬ್ಬಿಸುವ ಹೊಣೆ ಇಂದಿಗೂ ಉಸಿರಿನಿಂದ ನುಡಿಸುವವರ ಮೇಲೆಯೇ ಇದೆ. ಸಂಕ್ರಾಂತಿಗೆ ಸಿದ್ಧೇಶ್ವರನ ಜಾತ್ರೆ, ಬೇಸಗೆಗೆ ಮದುವೆಗಳ ಸುಗ್ಗಿ. ಮದುಮಗನ ಕುದುರೆಯ ಮುಂದೆ ಹಿತ್ತಾಳೆಯ ವಾದ್ಯಗಳು ಬಿಸಿಲಿಗೆ ಫಳಫಳಿಸುತ್ತ ಸಾಗಿದರೇನೇ ಮೆರವಣಿಗೆಗೆ ಕಳೆ.

ಇಂಥ ಮೇಳವೊಂದರಲ್ಲಿ ಹದಿನೈದು ವರ್ಷ ಟ್ರಂಪೆಟ್ ಊದಿ ಪಳಗಿದವನೊಬ್ಬನನ್ನು ಊಹಿಸಿಕೊಳ್ಳಿ. ಅಥಣಿಯ ದಾರಿಯಲ್ಲಿರುವ ತಿಕೋಟಾದವನೆಂದೇ ಇಟ್ಟುಕೊಳ್ಳಿ. ದ್ರಾಕ್ಷಿಯ ತೋಟಗಳಲ್ಲಿ ಕೆಲಸ ಬಿಡುವಾದಾಗ ಲಗ್ನಗಳು ಬರುತ್ತವೆ. ಲಗ್ನಗಳು ಮುಗಿದ ಮೇಲೆ ರಸಮಂಜರಿ ಕಾರ್ಯಕ್ರಮಗಳು. ಚೀಟಿಯ ಹಣ ಈ ಬಾರಿ ಅವನ ಸರದಿಗೆ ಬಂದಿದೆ. ಮನೆಯಲ್ಲಿ ಮಗಳ ಕಾಲೇಜಿನ ಶುಲ್ಕ ಕಾದಿದೆ. ಅವನ ಮನಸ್ಸಿನಲ್ಲೋ ಎರಡನೆಯ ಟ್ರಂಪೆಟ್ ಕುಳಿತಿದೆ. ಕೈಯಲ್ಲಿರುವುದು ಎಲ್ಲರಂತೆ ಬಿ ಫ್ಲ್ಯಾಟ್ ವಾದ್ಯ. ಆದರೆ ಚಿತ್ರಪಟಗಳಲ್ಲಿ ಗೇಣುದ್ದದ ಪಿಕೊಲೊ ಟ್ರಂಪೆಟ್ಟನ್ನು ಕಂಡಿದ್ದಾನೆ. ಸಿ ಟ್ರಂಪೆಟ್, ಇ ಫ್ಲ್ಯಾಟ್ ಟ್ರಂಪೆಟ್, ಫ್ಲೂಗಲ್‌ಹಾರ್ನ್ ಎಂಬ ಹೆಸರುಗಳನ್ನು ಕೇಳಿದ್ದಾನೆ. ಬಬಲೇಶ್ವರದಲ್ಲಿರುವ ತನ್ನ ಹಳೆಯ ಗುರುವಿನ ಬಳಿಗೆ ಹೋಗಿ ಕೇಳುತ್ತಾನೆ:

“ಮಾಸ್ತರ, ಈ ಸಣ್ಣ ಟ್ರಂಪೆಟ್ ತಗೊಂಡ್ರ ಹ್ಯಾಂಗ್ರಿ?”

“ಮೊದಲ ನಿನ್ನ ಹಾಡು ಯಾವ ಪಟ್ಟ್ಯಾಗ ಬರತಾವ ಅನ್ನೂದನ್ನ ಹೇಳಪ್ಪ. ಆಮ್ಯಾಲ ವಾದ್ಯದ ಮಾತು.”

ಈ ಮಾತಿನೊಳಗೆ ಇಡೀ ಪ್ರಶ್ನೆಯ ಕೀಲಿಯಿದೆ. ಬಿಜಾಪುರದ ಸೀಮೆಯ ಗಾಯಕರು ಶ್ರುತಿಯನ್ನು ಹೇಳುವುದು ಹಾರ್ಮೋನಿಯಮ್ಮಿನ ಪಟ್ಟಿಗಳಿಂದ: ಕಾಳಿ ಒಂದು, ಕಾಳಿ ಎರಡು, ಬಿಳಿ ಒಂದು ಎಂದು. ಈ ಲೆಕ್ಕದಲ್ಲಿ ಬಿ ಫ್ಲ್ಯಾಟ್ ಟ್ರಂಪೆಟ್ ಎಂದರೆ ಕಾಳಿ ಐದರ ವಾದ್ಯ. ಯಾವ ಪಿಸ್ಟನ್ನನ್ನೂ ಒತ್ತದೆ ಊದಿದರೆ ಆ ಷಡ್ಜ ಬರುತ್ತದೆ. ಸಿ ಟ್ರಂಪೆಟ್ ಬಿಳಿ ಒಂದರದು, ಡಿ ಟ್ರಂಪೆಟ್ ಬಿಳಿ ಎರಡರದು, ಇ ಫ್ಲ್ಯಾಟ್ ಕಾಳಿ ಎರಡರದು. ಪಿಕೊಲೊ ಮತ್ತೆ ಕಾಳಿ ಐದರದೇ, ಆದರೆ ಒಂದು ಸಪ್ತಕ ಮೇಲೆ. ನಳಿಗೆಯ ಉದ್ದವೇ ಇದರ ಗುಟ್ಟು. ಬಿ ಫ್ಲ್ಯಾಟ್ ವಾದ್ಯದ ನಳಿಗೆಯನ್ನು ಬಿಚ್ಚಿ ಚಾಚಿದರೆ ಸುಮಾರು 148 ಸೆಂಟಿಮೀಟರ್. ಸಿ ವಾದ್ಯದ್ದು 132. ಇ ಫ್ಲ್ಯಾಟಿನದು 111. ಪಿಕೊಲೊ ಅರ್ಧಕ್ಕೆ ಅರ್ಧ, 74.

ಕೊಳಲುವಾದಕರ ಚೀಲದಲ್ಲಿ ಶ್ರುತಿಗೊಂದರಂತೆ ಕೊಳಲುಗಳಿರುತ್ತವೆ. ಹಾಗೆಯೇ ಕಾಳಿ ಎರಡರಲ್ಲಿ ಹಾಡುವವರಿಗೆ ಇ ಫ್ಲ್ಯಾಟ್, ಬಿಳಿ ಒಂದಕ್ಕೆ ಸಿ ಎಂದು ಟ್ರಂಪೆಟ್ಟುಗಳನ್ನು ಕೂಡಿಸಿಕೊಂಡರೆ ಸಾಲದೇ ಎಂಬ ಯೋಚನೆ ಸಹಜವೇ. ಆದರೆ ಬಿದಿರಿನ ಬೆಲೆ ಬೇರೆ, ಹಿತ್ತಾಳೆಯ ಬೆಲೆ ಬೇರೆ. ಅದಕ್ಕಿಂತ ಮುಖ್ಯವಾಗಿ, ಟ್ರಂಪೆಟ್ಟಿಗೆ ಮೂರು ಪಿಸ್ಟನ್ನುಗಳಿವೆ. ಪಳಗಿದವನೆಂದರೆ ಯಾವ ಪಟ್ಟಿಯಲ್ಲಾದರೂ ಷಡ್ಜವನ್ನಿಟ್ಟು ನಡೆಯಬಲ್ಲವನು. ಬಿ ಫ್ಲ್ಯಾಟ್ ವಾದ್ಯದಲ್ಲಿ ಕಾಳಿ ಎರಡರ ಷಡ್ಜ ಮೊದಲನೆಯ ಪಿಸ್ಟನ್ ಒಂದರಿಂದಲೇ ಬರುತ್ತದೆ. ಹೆಣ್ಣುಮಕ್ಕಳ ಹಾಡಿಗೆ ಸಾಮಾನ್ಯವಾಗಿ ಒದಗುವ ಕಾಳಿ ನಾಲ್ಕೂ ಹಾಗೆಯೇ. ಕಾಳಿ ಒಂದಕ್ಕೆ ಕೆಳಗಿನ ಸಪ್ತಕದಲ್ಲಿ ಎರಡು ಮೂರು ಪಿಸ್ಟನ್ನುಗಳು ಜೊತೆಯಾಗಿ ಇಳಿಯಬೇಕು, ಅಷ್ಟೆ.

ಇನ್ನು ಸಿ ಟ್ರಂಪೆಟ್ಟನ್ನು ಕೊಂಡವನ ಗತಿ ನೋಡಿ. ಕಾಳಿ ಒಂದರ ಗಾಯಕ ಎದುರಿಗೆ ಕುಳಿತರೆ ಅವನ ಕೆಳಗಿನ ಷಡ್ಜಕ್ಕೆ ಮೂರೂ ಪಿಸ್ಟನ್ನುಗಳನ್ನು ಒಟ್ಟಿಗೆ ಒತ್ತಬೇಕಾಗುತ್ತದೆ. ಟ್ರಂಪೆಟ್ಟಿನಲ್ಲಿ ಅತ್ಯಂತ ಅಪಸ್ವರದ ಜಾಗ ಅದೇ! ಮನೆಯ ಅಡಿಗಲ್ಲೇ ಅಲುಗಿದಂತೆ. ಪಾಶ್ಚಾತ್ಯ ವಾದ್ಯಮೇಳಗಳಲ್ಲಿ ಸಿ ಟ್ರಂಪೆಟ್ ಮೆಚ್ಚಿನ ವಾದ್ಯವೆಂಬುದೇನೋ ನಿಜ. ಆ ಮೆಚ್ಚುಗೆ ಅಲ್ಲಿಯ ಸಂಗೀತಕ್ಕೆ ಸಂದದ್ದು. ಹಾರ್ಮೋನಿಯಮ್ಮಿನ ಕಾಳಿ ಒಂದಕ್ಕೆ ಅದರ ಹಂಗಿಲ್ಲ.

ಮೂರು ಪಿಸ್ಟನ್ನುಗಳ ಈ ಅಪಸ್ವರಕ್ಕೆ ಕಾರಣ ಸರಳವಾದ ಲೆಕ್ಕ. ಒಂದೊಂದು ಪಿಸ್ಟನ್ ಒತ್ತಿದಾಗಲೂ ನಳಿಗೆಗೆ ಒಂದಿಷ್ಟು ಉದ್ದ ಸೇರುತ್ತದೆ: ಎರಡನೆಯದರಿಂದ ಸುಮಾರು 9 ಸೆಂಟಿಮೀಟರ್, ಮೊದಲನೆಯದರಿಂದ 18, ಮೂರನೆಯದರಿಂದ 28. ಒಟ್ಟು 55. ಆದರೆ ಮೂರೂ ಸೇರಿ ಇಳಿಸಬೇಕಾದ ಆರು ಅರ್ಧಸ್ವರಗಳಿಗೆ ಬೇಕಾದ ಉದ್ದ 61. ಆರು ಸೆಂಟಿಮೀಟರಿನ ಕೊರತೆಯಿಂದ ಸ್ವರ ಮೇಲಕ್ಕೆ ಏರಿ ಕುಳಿತುಕೊಳ್ಳುತ್ತದೆ. ತಯಾರಕರು ಮೂರನೆಯ ನಳಿಗೆಯನ್ನು ಒಂದಿಷ್ಟು ಉದ್ದ ಮಾಡಿ ಈ ದೋಷವನ್ನು ತಗ್ಗಿಸುತ್ತಾರೆ. ಪೂರ್ತಿ ಹೋಗಲಾಡಿಸುವುದು ಸಾಧ್ಯವಿಲ್ಲ.

ಇದು ಬರಿಯ ಲೆಕ್ಕದ ಮಾತಲ್ಲ. ಕಾಳಿ ಐದರಲ್ಲಿ ಷಡ್ಜವನ್ನಿಟ್ಟು ಬೆಳಗಿನ ಭೈರವವನ್ನು ಊದಹೊರಟವನಿಗೆ ಕೆಳಗಿನ ಸಪ್ತಕದ ಕೋಮಲ ರಿಷಭ ಬರುವುದು ಈ ಮೂರು ಪಿಸ್ಟನ್ನುಗಳಿಂದಲೇ. ಭೈರವದಲ್ಲಿ ಆ ರಿಷಭ ತಗ್ಗಿ, ತೂಗಿ, ಆಂದೋಲನಗೊಳ್ಳಬೇಕು. ವಾದ್ಯ ಮಾತ್ರ ಅದನ್ನು ಮೇಲಕ್ಕೆ ನೂಕುತ್ತದೆ! ಇದಕ್ಕೆ ಮದ್ದೆಂದರೆ ಮೂರನೆಯ ಪಿಸ್ಟನ್ನಿನ ಸ್ಲೈಡ್. ಬೆರಳು ತೂರಿಸುವ ಉಂಗುರವಿದ್ದು, ನುಡಿಸುತ್ತಿರುವಾಗಲೇ ಸಲೀಸಾಗಿ ಹೊರಗೆ ಜಾರುವಂತಿದ್ದರೆ ಮೂರು ಸೆಂಟಿಮೀಟರ್ ಚಾಚಿದಾಗ ಎರಡು ಕಾಲುಗಳೂ ಸೇರಿ ಆರು ಸೆಂಟಿಮೀಟರ್ ದೊರೆಯುತ್ತದೆ. ಎಷ್ಟೋ ಹಳೆಯ ವಾದ್ಯಗಳಲ್ಲಿ ಈ ಸ್ಲೈಡ್ ಪಾಚಿಗಟ್ಟಿ ಬಿಗಿದುಕೊಂಡಿರುತ್ತದೆ. ಅಂಥದನ್ನು ಒಳ್ಳೆಯ ಕೆಲಸಗಾರನಿಂದ ಸಡಿಲಿಸಿಕೊಂಡರೆ, ಬೇರೆ ವಾದ್ಯ ಬೇಕೆಂಬ ಆಸೆಯೇ ಕೆಲವರಿಗೆ ಇಳಿದುಹೋದೀತು.

ಇದೇ ವಾದ್ಯ ಇನ್ನೊಂದು ಕಡೆಯಲ್ಲಿ ನಮ್ಮ ಸಂಗೀತಕ್ಕೆ ಒಲಿಯುವ ಪರಿಯೂ ಸೋಜಿಗದ್ದೇ. ಕಾಳಿ ಐದರಲ್ಲಿಯೇ ಮೇಲಿನ ಸಪ್ತಕದ ಗಾಂಧಾರ ಪಿಸ್ಟನ್ ಒತ್ತದೆ ಬರುತ್ತದೆ. ಪಿಯಾನೊದೊಡನೆ ಅದು ಸ್ವಲ್ಪ ತಗ್ಗಿದೆಯೆಂದು ಪಾಶ್ಚಾತ್ಯ ವಾದಕರು ತುಟಿಯಿಂದ ಮೇಲೆತ್ತುತ್ತಾರೆ. ತಂಬೂರಿಯ ತಂತಿಯೊಳಗಿಂದ ತಾನಾಗಿ ಹೊಮ್ಮುವ ಸ್ವಯಂಭೂ ಗಾಂಧಾರಕ್ಕೆ ಅದು ಸರಿಯಾಗಿ ಹೊಂದುತ್ತದೆ. ಅದನ್ನು ತಿದ್ದಬೇಕಾದ್ದಿಲ್ಲ.

ಈಗ ಆಸೆಯ ಪಿಕೊಲೊ. ಅದನ್ನು ಹಿಡಿದರೆ ಮೇಲಿನ ಸ್ವರಗಳು ತಾವಾಗಿ ಉಕ್ಕುತ್ತವೆ ಎಂಬ ನಂಬಿಕೆ ಬಹಳ ಮಂದಿಗಿದೆ. ಅದು ಸುಳ್ಳು. ಮೇಲಿನ ಸ್ವರವನ್ನು ಕೊಡುವುದು ಉಸಿರು ಮತ್ತು ತುಟಿ. ಚಿಕ್ಕ ನಳಿಗೆಯಲ್ಲಿ ಆ ಎತ್ತರದ ಸ್ವರಗಳು ಒಂದಕ್ಕೊಂದು ಅಂಟಿಕೊಂಡಿರುವುದಿಲ್ಲ, ಆದ್ದರಿಂದ ಗುರಿ ತಪ್ಪುವುದು ಕಡಿಮೆ, ಲಾಭ ಇಷ್ಟೇ. ಫ್ರಾನ್ಸಿನ ಮಾರಿಸ್ ಆಂದ್ರೆ (1933–2012) ಪಿಕೊಲೊವನ್ನು ಲೋಕಪ್ರಿಯಗೊಳಿಸಿದವರಲ್ಲಿ ಅಗ್ರಗಣ್ಯ. ಹುಡುಗನಾಗಿದ್ದಾಗ ಕಲ್ಲಿದ್ದಲ ಗಣಿಯಲ್ಲಿ ದುಡಿದವನು, ಸೈನ್ಯದ ಬ್ಯಾಂಡು ಸೇರಿ ಆ ಮೂಲಕ ಪ್ಯಾರಿಸ್ಸಿನ ಸಂಗೀತ ಶಾಲೆಯನ್ನು ಹೊಕ್ಕವನು. ಬಾಖನ ಕಾಲದ ಎತ್ತರದ ರಚನೆಗಳನ್ನು ನುಡಿಸಬೇಕಾಗಿತ್ತು, ಅದಕ್ಕೆ ಅವನಿಗೆ ಆ ವಾದ್ಯ ಬೇಕಾಯಿತು. 1967ರಲ್ಲಿ ಬೀಟಲ್ಸ್ ತಂಡದ ‘ಪೆನಿ ಲೇನ್’ ಹಾಡಿನಲ್ಲಿ ಡೇವಿಡ್ ಮೇಸನ್ ಊದಿದ ಪಿಕೊಲೊವನ್ನು ಕೇಳಿದವರಿಗೂ ಅದರ ಬೆಡಗು ಗೊತ್ತು. ತಿಕೋಟಾದ ಲಗ್ನದಲ್ಲಿ ಅದರ ಕೆಲಸವೇನು? ವರ್ಷಕ್ಕೆ ಎರಡು ಹಾಡು. ಉಳಿದ ದಿನ ಪೆಟ್ಟಿಗೆಯಲ್ಲಿ ನಿದ್ರೆ. ಮೇಲಾಗಿ ಚಿಕ್ಕ ನಳಿಗೆಯ ಶ್ರುತಿ ಬಲು ನಾಜೂಕು. ಸ್ಲೈಡ್ ಕೂದಲೆಳೆಯಷ್ಟು ಸರಿದರೂ ದೊಡ್ಡ ವಾದ್ಯದಲ್ಲಿ ಆಗುವುದರ ಇಮ್ಮಡಿ ಅಪಸ್ವರ. ಜನವರಿಯ ಜಾತ್ರೆಯ ಮುಂಜಾವಿನ ಚಳಿಗೂ ಮೇ ತಿಂಗಳ ನಡುಹಗಲಿನ ನಲವತ್ತು ಡಿಗ್ರಿಗೂ ನಡುವೆ ಗಾಳಿವಾದ್ಯದ ಶ್ರುತಿ ತಾನಾಗಿಯೇ ಏರಿಳಿಯುವ ಸೀಮೆಯಲ್ಲಿ ಈ ನಾಜೂಕು ಹೊರೆಯೇ ಸರಿ.

ಕಾಲು ಸ್ವರಗಳನ್ನು ನುಡಿಸುವ ಟ್ರಂಪೆಟ್ಟೂ ಒಂದುಂಟು. ಲೆಬನಾನಿನ ನಸೀಮ್ ಮಾಲೂಫ್ 1960ರ ದಶಕದಲ್ಲಿ ಅರಬ್ಬೀ ಸಂಗೀತಕ್ಕಾಗಿ ನಾಲ್ಕನೆಯ ಪಿಸ್ಟನ್ ಸೇರಿಸಿ ಅದನ್ನು ರೂಪಿಸಿದ. ಈಗ ಅವನ ಮಗ ಇಬ್ರಾಹಿಂ ಮಾಲೂಫ್ ಅದನ್ನು ಲೋಕಕ್ಕೆಲ್ಲ ಕೇಳಿಸುತ್ತಿದ್ದಾನೆ. ಶ್ರುತಿಗಳ ಸೂಕ್ಷ್ಮವನ್ನು ಬಲ್ಲ ನಮ್ಮವರಿಗೆ ಇದು ಹೇಳಿ ಮಾಡಿಸಿದ್ದೆಂದು ತೋರಬಹುದು. ಆದರೆ ಹಿಂದುಸ್ತಾನೀ ರಾಗದ ಜೀವ ಮೆಟ್ಟಿಲುಗಳಲ್ಲಿಲ್ಲ, ಮೆಟ್ಟಿಲುಗಳ ನಡುವಿನ ಜಾರಿನಲ್ಲಿದೆ. ಮೀಂಡನ್ನು ಅರ್ಧ ಒತ್ತಿದ ಪಿಸ್ಟನ್ನಿನಿಂದಲೂ ತುಟಿಯ ಬಿಗಿತ ಸಡಿಲಗಳಿಂದಲೂ ಸಾಧಿಸಬೇಕೇ ಹೊರತು ಇನ್ನೊಂದು ಗುಂಡಿಯಿಂದಲ್ಲ.

ಹಾಗಾದರೆ ಕೊಳ್ಳತಕ್ಕದ್ದು ಏನೂ ಇಲ್ಲವೇ? ಉಂಟು. ಕೆಲಸದ ಅರ್ಧ ಭಾಗ ರಸಮಂಜರಿಯ ವೇದಿಕೆಯಲ್ಲಿದ್ದರೆ ಫ್ಲೂಗಲ್‌ಹಾರ್ನ್ ಕೊಳ್ಳಬಹುದು. ಉದ್ದ ಬಿ ಫ್ಲ್ಯಾಟಿನದೇ, ಬೆರಳುಗಳೂ ಅವೇ. ಹೊಸದಾಗಿ ಕಲಿಯುವ ಲೆಕ್ಕವಿಲ್ಲ. ನಳಿಗೆ ಮಾತ್ರ ಬಾಯಿಯವರೆಗೂ ಹಿಗ್ಗುತ್ತ ಹೋಗುವುದರಿಂದ ನಾದ ಮೆತ್ತಗೆ, ದುಂಡಗೆ ಬರುತ್ತದೆ. 1957ರ ‘ಮೈಲ್ಸ್ ಅಹೆಡ್’ ಧ್ವನಿಮುದ್ರಿಕೆಯಲ್ಲಿ ಮೈಲ್ಸ್ ಡೇವಿಸ್ ನುಡಿಸಿದ್ದು ಇದನ್ನೇ. ಹಳೆಯ ಚಿತ್ರಗೀತೆಯ ಚರಣಗಳ ನಡುವೆ ಗಾಯಕಿಯ ಕೊರಳಿಗೆ ಒತ್ತಾಸೆಯಾಗಿ ನಿಲ್ಲಲು ಟ್ರಂಪೆಟ್ಟಿನ ಕಂಚಿನ ದನಿಗಿಂತ ಇದು ಲೇಸು. ಬಯಲ ಮೆರವಣಿಗೆಗೆ ಮಾತ್ರ ಇದನ್ನು ಒಯ್ಯಬಾರದು. ಡೋಲಿನ ಸದ್ದಿನಲ್ಲಿ ಇದರ ದನಿ ಮುಳುಗಿಹೋಗುತ್ತದೆ. ಕೆಲಸವೆಲ್ಲ ಮೆರವಣಿಗೆಯದೇ ಆಗಿದ್ದರೆ ಎರಡನೆಯ ವಾದ್ಯದ ಹಣದಲ್ಲಿ ಮೊದಲನೆಯದಕ್ಕಿಂತ ಉತ್ತಮವಾದ ಬಿ ಫ್ಲ್ಯಾಟ್ ಒಂದನ್ನು ತರುವುದೇ ಜಾಣತನ.

ಕೊಳ್ಳುವ ಜಾಗದ ವಿಚಾರ. ಬ್ಯಾಂಡಿನ ಹಿತ್ತಾಳೆ ವಾದ್ಯಗಳಿಗೆ ಭಾರತದಲ್ಲಿ ಹೆಸರಾದ ಊರು ಮೀರತ್. ಅಲ್ಲಿಯ ಜಾಲಿ ಕೋಠಿ ಎಂಬ ಮೊಹಲ್ಲಾದಲ್ಲಿ ಈ ಕಸುಬು ನೆಲೆಸಿದೆ, ನಾದಿರ್ ಅಲಿ ಕಂಪನಿ 1885ರಷ್ಟು ಹಳೆಯದು. ಬಾಖ್, ಯಮಾಹಾ ಮೊದಲಾದ ಪರದೇಶದ ಹೆಸರುಗಳ ಬೆಲೆ ಹೆಚ್ಚು, ಆದ್ದರಿಂದ ಹಲವರು ಒಮ್ಮೆ ಬಳಸಿದ್ದನ್ನು ಹುಡುಕುತ್ತಾರೆ. ಹುಡುಕಲಿ, ಆದರೆ ಕಣ್ಣು ತೆರೆದು. ಪಿಸ್ಟನ್ ಒತ್ತದೆ ಅದರ ಸ್ಲೈಡನ್ನು ಸರಕ್ಕನೆ ಎಳೆದರೆ ‘ಟಪ್’ ಎಂದು ಸದ್ದಾಗಬೇಕು; ಆಗದಿದ್ದರೆ ಪಿಸ್ಟನ್ ಸವೆದು ಗಾಳಿ ಸೋರುತ್ತಿದೆ. ಮೌತ್‌ಪೀಸ್ ಕೂರುವ ನಳಿಗೆಯ ಮೇಲೆ ನಸುಗೆಂಪು ಚುಕ್ಕೆಗಳಿದ್ದರೆ ಹಿತ್ತಾಳೆಯೊಳಗಿನ ಸತು ಕರಗಿಹೋಗುತ್ತಿದೆಯೆಂದು ತಿಳಿದು ಕೈಬಿಡಬೇಕು. ಹೊರಗಿನ ಹೊಳಪಿಗೆ ಮರುಳಾಗಬಾರದು, ಹೊಳಪನ್ನು ಯಾರು ಬೇಕಾದರೂ ಹಚ್ಚುತ್ತಾರೆ.

ಊದಿ ನೋಡುವ ಜಾಗವೂ ಮುಖ್ಯ. ಗುಮ್ಮಟದ ಕೆಳಗೆ ಮಕ್ಕಳ ತುತ್ತೂರಿಯೂ ಇಂಪಾಗಿಯೇ ಕೇಳಿಸೀತು! ಅಂಗಡಿಯ ಬರಿಗೋಡೆಗಳೂ ಅಂಥವೇ ಮೋಸಗಾರರು. ಸಾಧ್ಯವಾದರೆ ವಾದ್ಯವನ್ನು ಬಯಲಿಗೆ ತಂದು, ಹಾರ್ಮೋನಿಯಂ ಒಂದರಲ್ಲಿ ತನ್ನ ಗಾಯಕರ ಪಟ್ಟಿಯನ್ನು ಹಿಡಿಸಿ, ಐವತ್ತು ಹೆಜ್ಜೆ ದೂರದಲ್ಲಿ ಕಿವಿಯುಳ್ಳ ಗೆಳೆಯನನ್ನು ಬೆನ್ನು ತಿರುಗಿಸಿ ನಿಲ್ಲಿಸಬೇಕು. ತನ್ನ ಹಳೆಯ ವಾದ್ಯವನ್ನೂ ಹೊಸದನ್ನೂ ಯಾವುದು ಮೊದಲೆಂದು ಹೇಳದೆ ಊದಬೇಕು. ಗೆಳೆಯನಿಗೆ ವ್ಯತ್ಯಾಸ ತಿಳಿಯದಿದ್ದರೆ ಹಣ ಜೇಬಿನಲ್ಲಿಯೇ ಇರಲಿ, ಮಗಳ ಶುಲ್ಕವಾದರೂ ಸಂದಾಯವಾಗುತ್ತದೆ.

ಫ್ಲೂಗಲ್‌ಹಾರ್ನನ್ನೇ ಆರಿಸಿದವನು ಇನ್ನೊಂದನ್ನು ಮರೆಯಬಾರದು. ಟ್ರಂಪೆಟ್ಟಿನ ಮೌತ್‌ಪೀಸ್ ಅದಕ್ಕೆ ಹೊಂದುವುದಿಲ್ಲ. ಆಳವಾದ ಬಟ್ಟಲಿನ ಬೇರೆಯದೇ ಬೇಕು. ಬಟ್ಟಲ ಅಂಚಿನ ಅಗಲ ಮಾತ್ರ ಹಳೆಯದರಂತೆಯೇ ಇದ್ದರೆ ಒಂದೇ ಸಂಜೆಯಲ್ಲಿ ಎರಡು ವಾದ್ಯ ಬದಲಿಸಿದರೂ ತುಟಿ ದಿಕ್ಕುಗೆಡುವುದಿಲ್ಲ. ಬಬಲೇಶ್ವರದ ಮಾಸ್ತರರ ಮನೆಯಿಂದ ಹೊರಡುವ ಶಿಷ್ಯ ತನ್ನ ಹಳೆಯ ಮೌತ್‌ಪೀಸನ್ನು ಕರವಸ್ತ್ರದಲ್ಲಿ ಸುತ್ತಿ ಅಂಗಿಯ ಜೇಬಿನಲ್ಲಿಟ್ಟುಕೊಳ್ಳುವುದು ಅದಕ್ಕಾಗಿಯೇ. ಅಂಗಡಿಯಲ್ಲಿ ಅಂಚಿಗೆ ಅಂಚು ಇಟ್ಟು ನೋಡಬೇಕಲ್ಲ.