ಗುಪ್ತಪದದ ರಕ್ಷಣೆಯೂ ಭಾಷಾಪಾಠವೇ

ದೂರವಾಣಿಗೆ ಬರುವ ವಂಚನೆಯ ಸಂದೇಶಗಳ ವಿಚಾರವನ್ನು ಗಣಕಯಂತ್ರದ ಶಿಕ್ಷಕರಿಗೆ ಒಪ್ಪಿಸಿ, ಭಾಷಾಶಿಕ್ಷಕರು ದೂರ ನಿಲ್ಲುವುದು ಯುಕ್ತವಲ್ಲವೆಂದು ನನ್ನ ಅಭಿಪ್ರಾಯ. ಇಂಗ್ಲಿಷಿನಲ್ಲಿ ‘ಫಿಶಿಂಗ್’ ಎನ್ನಿಸಿಕೊಳ್ಳುವ ಈ ಮೋಸವನ್ನು ಕನ್ನಡದಲ್ಲಿ ಗಾಳವೆಂದರೆ ಸಾಕು. ಆ ಗಾಳಕ್ಕೆ ಸಿಕ್ಕಿಸಿದ ಎರೆ ಅಕ್ಷರಗಳದ್ದು. ಆದುದರಿಂದ ಅದನ್ನು ಗುರುತಿಸುವ ವಿದ್ಯೆಯೂ ಓದಿನ ವಿದ್ಯೆಯೇ ಆಗಿದೆ.

2025ರ ಮೇ 1ರಂದು, ಧಾರವಾಡದಲ್ಲಿ ಪ್ರಧಾನ ಕಚೇರಿಯಿದ್ದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕು ಬಳ್ಳಾರಿಯ ಕರ್ನಾಟಕ ಗ್ರಾಮೀಣ ಬ್ಯಾಂಕಿನೊಡನೆ ಒಂದಾಯಿತು. ಇಂಥ ಸಮಯದಲ್ಲಿ, “ಬ್ಯಾಂಕು ಬದಲಾಗಿದೆ, ಕೆವೈಸಿ ಸರಿಪಡಿಸದಿದ್ದರೆ ಸಂಜೆಗೆ ಖಾತೆ ನಿಲ್ಲುವುದು” ಎಂಬ ಸಂದೇಶ ಬಂದರೆ ಬೆಳವಣಕಿಯ ರೈತನು ನಂಬುವುದು ಸಹಜವಲ್ಲವೇ? ಅವಸರ, ಭಯ, ಆಸೆ ಇವುಗಳಲ್ಲಿ ಒಂದೂ ಇಲ್ಲದ ಗಾಳ ವಿರಳ.

ನಮ್ಮ ವ್ಯಾಕರಣವು ಇಲ್ಲಿ ನೆರವಿಗೆ ಬರುತ್ತದೆ. ತತ್ಪುರುಷ ಸಮಾಸದಲ್ಲಿ ಉತ್ತರಪದವೇ ಪ್ರಧಾನ. ‘ಮಳೆಗಾಲ’ವೆಂದರೆ ಕಾಲವೇ ಹೊರತು ಮಳೆಯಲ್ಲ. ಜಾಲತಾಣದ ವಿಳಾಸವೂ ಹಾಗೆಯೇ. ಆರಂಭದ ಜೋಡಿ ಓರೆಗೆರೆಗಳನ್ನು ಬಿಟ್ಟು, ಮುಂದೆ ಬರುವ ಮೊದಲ ಓರೆಗೆರೆಯವರೆಗಿನ ಭಾಗದಲ್ಲಿ ಕೊನೆಯ ಪದಗಳೇ ಒಡೆಯನನ್ನು ಸೂಚಿಸುತ್ತವೆ. ಮೊದಲಲ್ಲಿ ಬ್ಯಾಂಕಿನ ಹೆಸರನ್ನು ಯಾವ ಕಳ್ಳನಾದರೂ ಬರೆದುಕೊಳ್ಳಬಲ್ಲನು. 2025ರ ಅಕ್ಟೋಬರ್ 31ರೊಳಗೆ ಬ್ಯಾಂಕುಗಳು ‘ಬ್ಯಾಂಕ್.ಇನ್’ ಎಂದು ಮುಗಿಯುವ ವಿಳಾಸಗಳಿಗೆ ಬದಲಾಗಬೇಕೆಂದು ರಿಸರ್ವ್ ಬ್ಯಾಂಕು ವಿಧಿಸಿದ್ದು ಈ ಗುರುತು ಸುಲಭವಾಗಲೆಂದೇ.

ಇನ್ನು ಗುಪ್ತಪದದ ಮಾತು. ಅದು ಉದ್ದವಾಗಿರಬೇಕು, ಪರಸ್ಪರ ಸಂಬಂಧವಿಲ್ಲದ ನಾಲ್ಕೈದು ಪದಗಳನ್ನು ಕೂಡಿಸಿದರೆ ನೆನಪಿಗೂ ಸುಲಭ, ಊಹೆಗೂ ಕಠಿಣ. ಎಲ್ಲರ ಬಾಯಲ್ಲಿರುವ ಪದ್ಯದ ಸಾಲು, ಮಕ್ಕಳ ಹೆಸರು, ಜನ್ಮದಿನ ಇವು ಸಲ್ಲವು. ಒಂದೊಂದು ಖಾತೆಗೆ ಒಂದೊಂದು ಗುಪ್ತಪದವಿರಲಿ. ಒಟಿಪಿಯನ್ನು ಯಾರಿಗೂ ಹೇಳಲಾಗದು. ಹಣ ಪಡೆಯಲು ಯುಪಿಐ ಪಿನ್ ಬೇಕಿಲ್ಲ. ಕಳಿಸಲು ಮಾತ್ರ ಬೇಕು. ಸಹೋದ್ಯೋಗಿಗಳಿಗೂ ಒಂದು ಬಿನ್ನಹ: ವಿದ್ಯಾರ್ಥಿಗಳ ದಾಖಲೆಯಿರುವ ಸ್ಯಾಟ್ಸ್ ಜಾಲದ ಗುಪ್ತಪದವು ಕಚೇರಿಯ ಗೋಡೆಯ ಚೀಟಿಯಲ್ಲಿ ಇರತಕ್ಕದ್ದಲ್ಲ.

ಅಕ್ಷರ ಬಾರದ ಹಿರಿಯರಿಗೆ ಇದರಿಂದ ಏನು ಫಲವೆಂದು ಕೆಲವರು ಕೇಳಬಹುದು. ಹಳ್ಳಿಯ ಮನೆಗಳಲ್ಲಿ ಅಜ್ಜನ ಪಿಂಚಣಿಯ ಸಂದೇಶವನ್ನು ಓದಿ ಹೇಳುವವರು ನಮ್ಮ ವಿದ್ಯಾರ್ಥಿಗಳೇ ಅಲ್ಲವೇ? ಆ ಬಾಲಕನು ಎಡವಿದರೆ ಮನೆಯೇ ಎಡವುತ್ತದೆ. ಆದುದರಿಂದ ಎಂಟರಿಂದ ಹತ್ತನೆಯ ತರಗತಿಯವರೆಗೆ ತಿಂಗಳಿಗೊಂದು ಭಾಷಾ ಅವಧಿಯನ್ನು ಇಂಥ ಸಂದೇಶಗಳ ಓದಿಗೆ ಮೀಸಲಿಡಬೇಕು.

ಮೋಸಹೋದವರು ನಾಚಿಕೆಯಿಂದ ಸುಮ್ಮನಿರುವುದು ಕಳ್ಳನಿಗೆ ಅನುಕೂಲ. ಒಡನೆಯೇ 1930ಕ್ಕೆ ಕರೆಮಾಡಿ, ಬ್ಯಾಂಕಿಗೂ ತಿಳಿಸಿದರೆ ಹಣವು ಕೈಯಿಂದ ಕೈಗೆ ದಾಟುವ ಮುನ್ನ ತಡೆಯುವ ಸಂಭವವುಂಟು. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಡಿ ಕಲಮು ಗಣಕಯಂತ್ರದ ಮೂಲಕ ಸೋಗುಹಾಕಿ ವಂಚಿಸುವವನಿಗೆ ಮೂರು ವರ್ಷಗಳವರೆಗಿನ ಸೆರೆವಾಸವನ್ನು ವಿಧಿಸುತ್ತದೆ. ಅಪರಾಧಿ ಅವನೇ ಹೊರತು ನಂಬಿದವರಲ್ಲ.

ಶಾಲೆಯ ಹೆಸರಿನಲ್ಲಿ ದೇಣಿಗೆ ಕೇಳುವ ಸಂದೇಶ ಬಂದಾಗ ದಾನಿಗಳೂ ಹಳೆಯ ವಿದ್ಯಾರ್ಥಿಗಳೂ ತಮಗೆ ಮೊದಲೇ ಪರಿಚಿತವಾದ ಸಂಖ್ಯೆಗೆ ಕರೆಮಾಡಿ ವಿಚಾರಿಸಿಯೇ ಹಣ ಕಳಿಸಬೇಕೆಂದು ಪ್ರಾರ್ಥನೆ. ಹಾಗೆ ವಿಚಾರಿಸುವುದನ್ನು ಅವಿಶ್ವಾಸವೆಂದು ಯಾರೂ ಭಾವಿಸಲಾರರು.