ಲಿಂಕಿನ ದಲಾಲಿಗೂ ಲೆಕ್ಕ ಬೇಕು

ಹಡಗಲಿ ತಾಲ್ಲೂಕಿನ ಇಟ್ಟಿಗಿಯಲ್ಲಾಗಲಿ, ಕೊಟ್ಟೂರು, ಹರಪನಹಳ್ಳಿಯ ಕಡೆಯಲ್ಲಾಗಲಿ ದಲಾಲಿ ಎಂದರೇನೆಂದು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಶೇಂಗಾ, ಮೆಕ್ಕೆಜೋಳದ ಚೀಲ ಎಪಿಎಂಸಿ ಅಂಗಳಕ್ಕೆ ಬರುತ್ತದೆ, ಕಣ್ಣೆದುರೇ ತೂಕವಾಗುತ್ತದೆ, ಮಾಲು ಯಾರ ಅಂಗಡಿಯ ಮೂಲಕ ಹೋಯಿತೆಂಬುದು ಚೀಟಿಯಲ್ಲಿರುತ್ತದೆ. ಇಂಟರ್‌ನೆಟ್ಟಿನ ‘ಅಫಿಲಿಯೇಟ್ ಮಾರ್ಕೆಟಿಂಗ್’ ಕೂಡ ದಲಾಲಿಯೇ. ಯೂಟ್ಯೂಬ್ ಚಾನೆಲ್ಲಿನಲ್ಲಿ ಮಿಕ್ಸಿಯನ್ನೋ ಔಷಧಿ ಹೊಡೆಯುವ ಪಂಪನ್ನೋ ತೋರಿಸಿ ಲಿಂಕ್ ಕೊಡುವ ಹುಡುಗನಿಗೆ, ಆ ಲಿಂಕ್ ಒತ್ತಿ ಯಾರಾದರೂ ಕೊಂಡರೆ ಕಂಪನಿ ಕಮಿಷನ್ ಕೊಡುತ್ತದೆ. ಆದರೆ ಇಲ್ಲಿ ತೂಕ ಯಾರ ಕಣ್ಣಿಗೂ ಬೀಳುವುದಿಲ್ಲ. ಗಿರಾಕಿ ಯಾರ ಕಡೆಯಿಂದ ಬಂದನೆಂದು ತೀರ್ಮಾನಿಸುವುದು ಅವನ ಬ್ರೌಸರಿನಲ್ಲಿ ಕೂರುವ ‘ಕುಕಿ’ ಎಂಬ ಪುಟ್ಟ ಗುರುತು. ಆ ಗುರುತನ್ನು ಬದಲಿಸಿದವನು ಕಮಿಷನ್ನನ್ನೇ ಬದಲಿಸಿದಂತೆ.

ಇದು ಬರೀ ಊಹೆಯ ಮಾತಲ್ಲ. ಆನ್‌ಲೈನ್ ಮಾರಾಟದ ಅಮೆರಿಕದ ಇಬೇ ಕಂಪನಿಗೆ ಅತಿ ಹೆಚ್ಚು ವ್ಯಾಪಾರ ತಂದುಕೊಡುತ್ತಿದ್ದ ಇಬ್ಬರು ಅಫಿಲಿಯೇಟ್ ಪಾಲುದಾರರೆಂದರೆ ಶಾನ್ ಹೋಗನ್ ಮತ್ತು ಬ್ರಯಾನ್ ಡನ್ನಿಂಗ್. ಅವರು ನಿಜವಾಗಿ ಮಾಡುತ್ತಿದ್ದುದು ಬೇರೆ. ತಮ್ಮ ಪುಟ್ಟ ಪುಟ್ಟ ಸಾಫ್ಟ್‌ವೇರ್ ತುಣುಕುಗಳನ್ನು ಬೇರೆಯವರ ಪುಟಗಳಲ್ಲಿ ಸೇರಿಸಿ, ಆ ಪುಟ ತೆರೆದವರ ಕಂಪ್ಯೂಟರಿಗೆಲ್ಲ ಇಬೇ ಕುಕಿಯನ್ನು ಸದ್ದಿಲ್ಲದೆ ತುರುಕುತ್ತಿದ್ದರು. ಆ ಮನುಷ್ಯ ಯಾವ ಜಾಹೀರಾತನ್ನೂ ಒತ್ತಿಲ್ಲ. ಮುಂದೆ ಎಂದೋ ತಾನಾಗಿ ಇಬೇಗೆ ಹೋಗಿ ಏನೋ ಕೊಂಡರೆ, ಕಮಿಷನ್ ಮಾತ್ರ ಇವರಿಗೆ. ಹೋಗನ್‌ಗೆ ವರ್ಷಗಳುದ್ದಕ್ಕೂ ಹೀಗೆ ಸಂದಾಯವಾದ ಕಮಿಷನ್ ಸುಮಾರು 2.8 ಕೋಟಿ ಡಾಲರ್. ಇಬೇ ಕಚೇರಿಯಿರುವ ಸ್ಯಾನ್ ಹೊಸೆಯಲ್ಲಿಯೂ, ಕಮಿಷನ್ ಲೆಕ್ಕ ನೋಡಿಕೊಳ್ಳುವ ಸಂಸ್ಥೆಯಿರುವ ಸಾಂಟಾ ಬಾರ್ಬರಾದಲ್ಲಿಯೂ ಪುಟ ತೆರೆದವರಿಗೆ ಮಾತ್ರ ಈ ಕಳ್ಳ ಕುಕಿ ಹೋಗದಂತೆ ನೋಡಿಕೊಂಡಿದ್ದರೆಂದು ಇಬೇ ತನ್ನ ದಾವೆಯಲ್ಲಿ ಹೇಳಿತು. ಕಾವಲಿನವರು ಇರುವ ಊರನ್ನೇ ಬಿಟ್ಟು ಕದಿಯುವಷ್ಟು ಲೆಕ್ಕಾಚಾರ! 2007ರಲ್ಲಿ ಎಫ್‌ಬಿಐ ದಾಳಿ ನಡೆಯಿತು, 2008ರಲ್ಲಿ ಇಬೇ ದಾವೆ ಹೂಡಿತು. ಹೋಗನ್‌ಗೆ ಐದು ತಿಂಗಳು, ಡನ್ನಿಂಗ್‌ಗೆ ಹದಿನೈದು ತಿಂಗಳು ಜೈಲು ಎಂಬ ತೀರ್ಪು ಬಂದದ್ದು 2014ರಲ್ಲಿ.

ಕಳೆದುಕೊಂಡದ್ದು ಇಬೇ ಒಂದೇ ಎಂದುಕೊಂಡರೆ ತಪ್ಪಾಗುತ್ತದೆ. ಈ ವ್ಯವಹಾರದಲ್ಲಿ ಹೆಚ್ಚಿನ ಕಡೆ ಕೊನೆಯ ಲಿಂಕಿನವನಿಗೇ ಪೂರ್ತಿ ಕಮಿಷನ್. ಮಿಕ್ಸಿಯನ್ನು ತಾನೇ ಬಳಸಿ, ಒಳ್ಳೆಯದು ಕೆಟ್ಟದ್ದು ವಿವರಿಸಿ ವಿಡಿಯೊ ಮಾಡಿದವನ ಗುರುತಿನ ಮೇಲೆ ಕಳ್ಳನ ಗುರುತು ಬಿದ್ದರೆ, ದುಡಿದವನಿಗೆ ದಕ್ಕುವುದು ಸೊನ್ನೆ. ಅವನಿಗೆ ಅದು ಗೊತ್ತೂ ಆಗುವುದಿಲ್ಲ. ಪೇಪಾಲ್ ಕಂಪನಿ 400 ಕೋಟಿ ಡಾಲರ್ ಕೊಟ್ಟು ಕೊಂಡ ‘ಹನಿ’ ಎಂಬ ಕೂಪನ್ ಹುಡುಕುವ ಬ್ರೌಸರ್ ಸಾಧನದ (ಎಕ್ಸ್‌ಟೆನ್ಷನ್) ಮೇಲೆ 2024ರ ಡಿಸೆಂಬರಿನಲ್ಲಿ ಇದೇ ಬಗೆಯ ಆರೋಪ ಎದ್ದಿತು. ಹಣ ಕೊಡುವ ಕೊನೆಯ ಗಳಿಗೆಯಲ್ಲಿ ಅದು ಯೂಟ್ಯೂಬರ್‌ಗಳ ಗುರುತನ್ನು ಒರೆಸಿ ತನ್ನದನ್ನು ಇಡುತ್ತದೆ ಎಂಬುದು ದೂರು. ಉದ್ಯಮದ ವಾಡಿಕೆಯಂತೆಯೇ ನಡೆದಿದ್ದೇವೆ ಎಂದು ಪೇಪಾಲ್ ಉತ್ತರಿಸಿತು. ಮೊಕದ್ದಮೆಗಳು ದಾಖಲಾದವು. 2025ರ ಮಾರ್ಚ್‌ನಲ್ಲಿ ಗೂಗಲ್ ತನ್ನ ನಿಯಮ ಬಿಗಿಗೊಳಿಸಿತು: ಬಳಕೆದಾರನಿಗೆ ನಿಜವಾದ ಪ್ರಯೋಜನವಿಲ್ಲದೆ ಕ್ರೋಮ್ ಎಕ್ಸ್‌ಟೆನ್ಷನ್‌ಗಳು ಅಫಿಲಿಯೇಟ್ ಗುರುತು ಹಾಕುವಂತಿಲ್ಲ.

ಪಾಲುದಾರರ ಮೋಸ ಬೆಂಗಳೂರಿಗೂ ಹೊಸದಲ್ಲ. ಮೀಶೋ ಕಂಪನಿಗೆ ಸುಮಾರು 5.5 ಕೋಟಿ ರೂಪಾಯಿ ವಂಚಿಸಿದ ಆರೋಪದ ಮೇಲೆ 2024ರಲ್ಲಿ ಬೆಂಗಳೂರು ಪೊಲೀಸರು ಸೂರತ್‌ನ ಕೆಲವರನ್ನು ಬಂಧಿಸಿದರು. ಅವರು ಲಿಂಕ್ ಹಂಚುವವರಾಗಿರಲಿಲ್ಲ, ಮಾರಾಟಗಾರರ ವೇಷದಲ್ಲಿದ್ದರು. ತಾವೇ ಸುಳ್ಳು ಗಿರಾಕಿಗಳ ಹೆಸರಲ್ಲಿ ಆರ್ಡರ್ ಹಾಕಿ, ವಾಪಸು ಬಂದ ಮಾಲು ಬೇರೆಯದೆಂದು ಪರಿಹಾರ ಪಡೆಯುತ್ತಿದ್ದರೆಂಬುದು ಆರೋಪ.

ಕಂಪನಿಗಳ ನಿಯಮಗಳೂ ಬಿಗಿಯಾಗಿಯೇ ಇವೆ. ಅಮೆಜಾನ್‌ನಲ್ಲಿ ಲಿಂಕಿನ ಗುರುತು ಸಾಮಾನ್ಯವಾಗಿ 24 ಗಂಟೆ ಮಾತ್ರ ನಿಲ್ಲುತ್ತದೆ. ಸ್ವಂತ ಲಿಂಕಿನಿಂದ ಸ್ವಂತಕ್ಕೆ ಕೊಂಡರೆ ಕಮಿಷನ್ ಇಲ್ಲ. ಖಾತೆ ತೆರೆದ 180 ದಿನಗಳಲ್ಲಿ ಮೂರು ಮಾರಾಟವಾಗದಿದ್ದರೆ ಅದು ಮುಚ್ಚುತ್ತದೆ. ಕಳ್ಳರಿರುವ ಕಡೆ ಬೇಲಿ ಬೇಕು, ಒಪ್ಪೋಣ. ಆದರೆ ಬೇಲಿ ಹಾಕುವವರೇ ಪಂಚಾಯಿತಿಯನ್ನೂ ಮಾಡುತ್ತಾರೆ ಎಂಬುದೇ ತಕರಾರು. ಯಂತ್ರವೊಂದು ಅನುಮಾನಪಟ್ಟರೆ ಖಾತೆ ಬಂದ್, ಕೂಡಿದ್ದ ಕಮಿಷನ್ ಜಪ್ತಿ, ಇಂಗ್ಲಿಷಿನಲ್ಲೊಂದು ಸಿದ್ಧ ಮೇಲ್. ಯಾವ ಆರ್ಡರ್, ಯಾವ ದಿನ, ಯಾವ ನಿಯಮ ಮುರಿದದ್ದು ಎಂಬ ವಿವರ ಅದರಲ್ಲಿ ಇರುವುದು ಅಪರೂಪ. ತಂಡ ಕಟ್ಟಿಕೊಂಡ ವಂಚಕ ಮರುದಿನವೇ ಇನ್ನೊಂದು ಹೆಸರಲ್ಲಿ ಖಾತೆ ತೆರೆಯುತ್ತಾನೆ. ಹಡಗಲಿಯಲ್ಲಿ ಕುಳಿತು ಒಂದೇ ಪ್ಯಾನ್ ಕಾರ್ಡಿನಲ್ಲಿ ನಿಯತ್ತಾಗಿ ದುಡಿಯುವವಳಿಗೆ ಆ ದಾರಿಯಿಲ್ಲ. ಕಂಪನಿಯಿಂದ ಏನನ್ನೂ ಕೊಳ್ಳದೆ ಅದಕ್ಕಾಗಿ ದುಡಿಯುವ ಅವಳನ್ನು ಗ್ರಾಹಕಳೆಂದು ಕಾನೂನು ಎಣಿಸುವುದು ಅನುಮಾನವಾದ್ದರಿಂದ ಗ್ರಾಹಕರ ಆಯೋಗವೂ ಅವಳ ಕೈಗೆ ಎಟುಕುವುದು ಕಷ್ಟ.

ಲಿಂಕ್ ಹಂಚುವವರ ಕಡೆಯ ತಪ್ಪನ್ನು ಮುಚ್ಚಿಡಬೇಕಿಲ್ಲ. ಹಣ ಪಡೆದು ಹೊಗಳುತ್ತಿದ್ದರೆ ಅದನ್ನು ಸ್ಪಷ್ಟವಾಗಿ, ಹೊಗಳಿದ ಭಾಷೆಯಲ್ಲಿಯೇ ಹೇಳಬೇಕೆಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಸೂಚಿಸಿತು. ಕನ್ನಡದ ವಿಡಿಯೊ ಕೆಳಗೆ ಇಂಗ್ಲಿಷಿನಲ್ಲಿ ಒಂದು ಪದ ಅಡಗಿಸಿಟ್ಟರೆ ಸಾಲದು. ದಾರಿತಪ್ಪಿಸುವ ಪ್ರಚಾರಕ್ಕೆ ಮೊದಲ ಸಲ 10 ಲಕ್ಷ, ಮತ್ತೆ ಮಾಡಿದರೆ 50 ಲಕ್ಷ ರೂಪಾಯಿವರೆಗೆ ದಂಡವಿದೆ. ಟೆಲಿಗ್ರಾಂ ಗುಂಪುಗಳಲ್ಲಿ ಬೆಟ್ಟಿಂಗ್ ಆ್ಯಪ್‌ಗಳ ಲಿಂಕ್ ಹಂಚಿ, ಸೋತವರ ಹಣದಲ್ಲಿ ಪಾಲು ಪಡೆಯುತ್ತಿದ್ದವರದು ಇನ್ನೂ ಕ್ರೂರ ದಂಧೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೂ ಅವುಗಳ ಪ್ರಚಾರವನ್ನೂ 2025ರ ಆಗಸ್ಟ್‌ನಲ್ಲಿ ಬಂದ ಕೇಂದ್ರ ಕಾಯ್ದೆ ನಿಷೇಧಿಸಿದೆ. ತಮ್ಮೂರಿನ ಹುಡುಗರನ್ನೇ ಸಾಲಕ್ಕೆ ನೂಕಿದವರಿಗೆ ಕರುಣೆ ತೋರಬೇಕಾದ ಅಗತ್ಯ ಕಾಣುವುದಿಲ್ಲ.

ಇನ್ನು ಪ್ರಾಮಾಣಿಕರ ರಕ್ಷಣೆಯ ವಿಷಯ. ಕರ್ನಾಟಕ ಇದಕ್ಕೆ ಬೇಕಾದ ಮಾದರಿಯನ್ನು ಆಗಲೇ ಬರೆದಿಟ್ಟಿದೆ. ಸ್ವಿಗ್ಗಿ, ಓಲಾದಂಥ ಕಂಪನಿಗಳಿಗೆ ದುಡಿಯುವ ಗಿಗ್ ಕಾರ್ಮಿಕರಿಗಾಗಿ 2025ರಲ್ಲಿ ತಂದ ಕಾನೂನಿನ ಪ್ರಕಾರ, ಕಾರಣವನ್ನು ಲಿಖಿತವಾಗಿ ತಿಳಿಸಿ 14 ದಿನ ಮೊದಲೇ ನೋಟಿಸ್ ಕೊಡದೆ ಕೆಲಸದಿಂದ ತೆಗೆಯುವಂತಿಲ್ಲ. ಯಂತ್ರ ಮಾಡುವ ತೀರ್ಮಾನಗಳ ಬಗ್ಗೆಯೂ ಕಾರ್ಮಿಕರಿಗೆ ಮಾಹಿತಿ ಕೊಡಬೇಕು. ಡೆಲಿವರಿ ಹುಡುಗನಿಗೆ ಸಿಕ್ಕ ಈ ಹಕ್ಕು, ಅದೇ ಮಾಲಿಗೆ ಗಿರಾಕಿಯನ್ನು ಕರೆತಂದವನಿಗೆ ಏಕೆ ಬೇಡ? ಮಾಲು ವಾಪಸಾಗುವ ಅವಧಿ ಮುಗಿಯುವವರೆಗೆ ಕಮಿಷನ್ ತಡೆಹಿಡಿಯಲಿ, ಅನುಮಾನವಿದ್ದರೆ ತನಿಖೆ ಮಾಡಲಿ. ಆದರೆ ತಿರಸ್ಕರಿಸಿದ ಪ್ರತಿ ಆರ್ಡರಿಗೂ ಕಾರಣ ಬರೆದುಕೊಡಬೇಕು, ಕನ್ನಡದಲ್ಲಿ ಮೇಲ್ಮನವಿ ಕೇಳಲು ಒಬ್ಬ ಮನುಷ್ಯನಿರಬೇಕು, ತಪ್ಪು ಸಾಬೀತಾಗದಿದ್ದರೆ ತಡೆದ ಹಣ ಬಡ್ಡಿ ಸಮೇತ ಖಾತೆಗೆ ಬೀಳಬೇಕು. ಕಾರ್ಮಿಕ ಇಲಾಖೆ ಈ ಕಾನೂನಿನ ವ್ಯಾಪ್ತಿಗೆ ಲಿಂಕ್ ದಲಾಲರನ್ನೂ ತರಬೇಕು.