ನೀರೋ ಗಾಳಿಯೋ?

ವೈಶಾಖದ ಬಿಸಿಲಿನಲ್ಲಿ ರಾಯಚೂರಿಗೆ ಪ್ರಯಾಣಮಾಡತಕ್ಕವರು ಎರಡು ಬಗೆಯವರು: ತಪ್ಪಿಸಿಕೊಳ್ಳಲಾರದ ಕೆಲಸವುಳ್ಳವರು ಮತ್ತು ಆ ಊರಿಗೆ ಮಗಳನ್ನು ಕೊಟ್ಟವರು. ನಾವು ಎರಡನೆಯ ವರ್ಗಕ್ಕೆ ಸೇರಿದವರು. ಈ ಸಲ ನಾವು ಹೋದಾಗ ಮನೆಯೊಳಗೆ ಬಿಸಿಲಿಗಿಂತಲೂ ಮಿಗಿಲಾದ ತಾಪವೊಂದು ತುಂಬಿಕೊಂಡಿತ್ತು. ನಮ್ಮ ದೌಹಿತ್ರನು ಮದುವೆಮನೆಗಳಲ್ಲಿ ತೆಗೆದ ವೀಡಿಯೋಗಳನ್ನು ಮನೆಯಲ್ಲಿಯೇ ಕುಳಿತು ಕತ್ತರಿಸಿ ಜೋಡಿಸಿ ಕೊಡುವ ಉದ್ಯೋಗದವನು. ಅವನ ಕಂಪ್ಯೂಟರು ಮಾಗಿಯ ಕಾಲದಲ್ಲಿ 2 ಗಂಟೆಗಳೊಳಗೆ ಮುಗಿಸುತ್ತಿದ್ದ ಕೆಲಸಕ್ಕೆ ಈಗ ಮೂರೂವರೆ ಗಂಟೆ ಹಿಡಿಯತೊಡಗಿತ್ತು. ಹೇಳಿದ ದಿನಕ್ಕೆ ವೀಡಿಯೋ ಕೈಸೇರಲಿಲ್ಲವೆಂದು ಒಂದು ಮನೆಯವರು ಬಾಕಿ ಹಣವನ್ನು ಕೊಡದೆ ಹಿಡಿದುಕೊಂಡಿದ್ದರು. ಇನ್ನೊಬ್ಬರು ಮುಂಗಡವನ್ನೇ ಹಿಂದಕ್ಕೆ ಕೇಳಿದ್ದರು. ಅಂಗಡಿಯವನು, "ಗಾಳಿಯ ಫ್ಯಾನಿನಿಂದ ಇದು ಆಗತಕ್ಕದ್ದಲ್ಲ, ನೀರಿನ ಕೂಲರು ಹಾಕಿಸಬೇಕು" ಎಂದು 14,000 ರೂಪಾಯಿಗಳ ಚೀಟಿಯನ್ನು ಬರೆದುಕೊಟ್ಟಿದ್ದನು. ಮಗಳ ಕೈಯಲ್ಲಿದ್ದುದು ಚೀಟಿ ಎತ್ತಿದ ಹಣವೊಂದೇ. ಅದನ್ನು ಕಿರಿಯ ಹುಡುಗಿಯ ಕಾಲೇಜಿನ ಶುಲ್ಕಕ್ಕೆಂದು ತೆಗೆದಿರಿಸಿದ್ದಳು. "ಅಪ್ಪಾ, ನೀವು ಹೇಳಿದ ಹಾಗೆ ಮಾಡುತ್ತೇವೆ" ಎಂದು ತಾಯಿಮಗ ಇಬ್ಬರೂ ನಮ್ಮ ಎದುರಿಗೆ ಬಂದು ನಿಂತರು.

ನಾವು ಒಡನೆಯೇ ತೀರ್ಪುಕೊಟ್ಟೆವು. ಕೊಟ್ಟುದು ತಪ್ಪು ತೀರ್ಪು. ತರ್ಕಶಾಸ್ತ್ರವನ್ನು ಓದಿದವರಿಗೆ ಮೊದಲ ಪಾಠದಲ್ಲಿಯೇ ಬರುವ ಸಂಗತಿಯಿದು: ಉಷ್ಣಸ್ಪರ್ಶವು ತೇಜಸ್ಸಿನ ಲಕ್ಷಣ, ಶೀತಸ್ಪರ್ಶವು ಜಲದ ಲಕ್ಷಣ, ವಾಯುವಿಗಾದರೋ ಎರಡೂ ಇಲ್ಲ. ಹೀಗಿರುವಾಗ ತಂಪನ್ನು ಬಯಸುವವನು ನೀರನ್ನು ಬಿಟ್ಟು ಗಾಳಿಯನ್ನೇಕೆ ಆಶ್ರಯಿಸಬೇಕು? "ನೀರಿನದನ್ನೇ ತಾ" ಎಂದೆವು. ಹುಡುಗನು ಹಿಗ್ಗಿದನು. ಮಗಳು ಮಾತನಾಡದೆ ಒಳಗೆ ಹೋದಳು. ಆ ಮೌನವು ನಮಗೆ ನಿದ್ರೆ ಬಾರದಂತೆ ಮಾಡಿತು.

ಮಲಗುವ ಕೋಣೆಯ ಕಿಟಕಿಯಲ್ಲಿ ಆ ಊರಿನ ಮನೆಮನೆಗಳಲ್ಲಿರುವ ಕೂಲರು ಸದ್ದು ಮಾಡುತ್ತಲಿತ್ತು. ಅದರ ಹುಲ್ಲಿನ ಪರದೆಯ ಮೇಲೆ ನೀರು ಇಳಿಯುವುದು, ಗಾಳಿ ಅದರೊಳಗೆ ನುಗ್ಗುವುದು, ನೀರು ಆವಿಯಾಗುವಾಗ ಗಾಳಿಯಲ್ಲಿರುವ ಶಾಖವನ್ನು ಹೀರಿಕೊಳ್ಳುವುದು, ಗಾಳಿ ತಂಪಾಗುವುದು. ದಿನವೂ ಕೊಡಗಟ್ಟಲೆ ನೀರು ಅದಕ್ಕೆ ಬೇಕು. ಹಾಗಾದರೆ ಕಂಪ್ಯೂಟರಿನ ನೀರಿಗೆ ದಿನವೂ ಯಾರು ಕೊಡ ಹೊರುವರು? ಬೆಳಗಾಗುತ್ತಲೇ ದೌಹಿತ್ರನನ್ನು ಕೇಳಿದೆವು. "ಇಲ್ಲ ಅಜ್ಜಾ, ಅದರ ನೀರು ಒಳಗೇ ಮುಚ್ಚಿಕೊಂಡಿರುತ್ತದೆ. ಹೊರಗೆ ಬರುವುದೂ ಇಲ್ಲ, ತುಂಬುವುದೂ ಇಲ್ಲ" ಎಂದನು. ನಮ್ಮ ತೀರ್ಪಿನ ಬುಡ ಅಲ್ಲಿಯೇ ಕಳಚಿತು. ಆವಿಯಾಗದ ನೀರಿಗೆ ಗಾಳಿಯನ್ನು ತಂಪುಮಾಡುವ ಶಕ್ತಿ ಎಲ್ಲಿಂದ ಬರಬೇಕು? ಹೆಸರೊಂದೇ ಆದ ಮಾತ್ರಕ್ಕೆ ಎರಡು ಕೂಲರುಗಳನ್ನೂ ಒಂದೇ ಎಂದು ತಿಳಿದಿದ್ದೆವು. ಈ ಭ್ರಾಂತಿ ನಮ್ಮೊಬ್ಬರದೇ ಅಲ್ಲವೆಂದು ಅನಂತರ ನಾಲ್ಕು ಜನರನ್ನು ಕೇಳಿ ತಿಳಿದುಕೊಂಡೆವು.

ವಿಷಯವು ಹೀಗಿದೆ. ಕಂಪ್ಯೂಟರಿನ ಪ್ರೊಸೆಸರು ತೆಗೆದುಕೊಂಡ ವಿದ್ಯುತ್ತೆಲ್ಲವೂ ಕಡೆಗೆ ಶಾಖವಾಗಿಯೇ ಹೊರಬರುವುದು. ಅಂಗೈಗಿಂತ ಚಿಕ್ಕದಾದ ಆ ಬಿಲ್ಲೆಯಿಂದ ಅದನ್ನು ಎತ್ತಿ ಬೇರೆಡೆಗೆ ಒಯ್ಯದಿದ್ದರೆ ಪ್ರೊಸೆಸರು ಕಾಯುತ್ತ ಹೋಗಿ, ಸುಮಾರು 100 ಡಿಗ್ರಿಯ ಎಲ್ಲೆಯನ್ನು ಮುಟ್ಟುತ್ತಲೇ ತನ್ನನ್ನು ಕಾಪಾಡಿಕೊಳ್ಳುವುದಕ್ಕಾಗಿ ವೇಗವನ್ನು ತಾನೇ ತಗ್ಗಿಸಿಕೊಳ್ಳುವುದು. ಬಿಸಿಲಿನಲ್ಲಿ ನಡೆದವನು ಮರದ ನೆರಳಿನಲ್ಲಿ ನಿಂತು ನಿಂತು ಹೋಗುವಂತೆ. ಮೂರೂವರೆ ಗಂಟೆಯ ಗುಟ್ಟು ಇದು. ಶಾಖವನ್ನು ಒಯ್ಯುವುದಕ್ಕೆ ಇರುವ ದಾರಿಗಳು ಎರಡು. ಗಾಳಿಯ ಕೂಲರಿನಲ್ಲಿ ಪ್ರೊಸೆಸರಿನ ಮೇಲೆ ತಾಮ್ರದ ಕೊಳವೆಗಳೂ ಅವುಗಳಿಗೆ ಪೋಣಿಸಿದ ಅಲ್ಯೂಮಿನಿಯಮ್ ತಗಡುಗಳೂ ಇದ್ದು, ಫ್ಯಾನು ಅವುಗಳ ನಡುವೆ ಗಾಳಿಯನ್ನು ಊದುವುದು. ನೀರಿನದರಲ್ಲಿ ಸಣ್ಣ ಪಂಪೊಂದು ದ್ರವವನ್ನು ರಬ್ಬರಿನ ನಳಿಗೆಗಳ ಮೂಲಕ ಪೆಟ್ಟಿಗೆಯ ಅಂಚಿನಲ್ಲಿರುವ ರೇಡಿಯೇಟರಿಗೆ ಒಯ್ಯುವುದು. ಮೋಟಾರುಗಾಡಿಯಲ್ಲಿ ಇರುವಂಥದೇ, ಚಿಕ್ಕದು. ಅಲ್ಲಿಯೂ ಶಾಖವನ್ನು ಕಡೆಗೆ ತೆಗೆದುಕೊಂಡು ಹೋಗುವುದು ಫ್ಯಾನು ಊದಿದ ಗಾಳಿಯೇ. ಆದುದರಿಂದ ಎರಡೂ ವಸ್ತುತಃ ಗಾಳಿಯ ಕೂಲರುಗಳೇ ಸರಿ. ಎರಡರಲ್ಲಿ ಯಾವುದೂ ಪ್ರೊಸೆಸರನ್ನು ಕೋಣೆಯ ಗಾಳಿಗಿಂತ ತಂಪಾಗಿ ಇಡಲಾರದು. ಎರಡೂ ಕೋಣೆಯೊಳಕ್ಕೆ ಸುರಿಯುವ ಶಾಖವು ಒಂದೇ.

ಇಲ್ಲಿ ನಮಗೆ ಬಹಳ ಸೊಗಸೆನಿಸಿದ ಒಂದು ಸಂಗತಿಯುಂಟು. ಗಾಳಿಯ ಕೂಲರಿನ ಆ ತಾಮ್ರದ ಕೊಳವೆಗಳು ಗಟ್ಟಿಯಾದ ಸಲಾಕೆಗಳಲ್ಲ. ಅವುಗಳ ಒಳಗಿನ ಗಾಳಿಯನ್ನು ಹೀರಿ ತೆಗೆದು, ಕೆಲವೇ ಹನಿ ನೀರನ್ನಿಟ್ಟು ಬಾಯಿ ಮುಚ್ಚಿರುವರು. ಒತ್ತಡ ಕಡಮೆಯಾದುದರಿಂದ ಆ ನೀರು ಸ್ವಲ್ಪ ಶಾಖಕ್ಕೇ ಕುದಿದು ಆವಿಯಾಗಿ ತಗಡುಗಳ ಕಡೆಗೆ ಓಡುವುದು, ಅಲ್ಲಿ ಶಾಖವನ್ನು ಬಿಟ್ಟು ನೀರಾಗಿ ಒಳಮೈಯ ಬತ್ತಿಯ ಮೂಲಕ ಹಿಂದಿರುಗುವುದು. ಅಮೆರಿಕದ ಲಾಸ್ ಅಲಮೋಸಿನಲ್ಲಿ ಜಾರ್ಜ್ ಗ್ರೋವರ್ ಎಂಬವರು 1963ರಲ್ಲಿ ಇಂಥ ಕೊಳವೆಯನ್ನು ಮಾಡಿ ತೋರಿಸಿದರು. ನೀರಿನ ಶೀತಸ್ಪರ್ಶವನ್ನು ನಂಬಿದವರಿಗೆ ಗಾಳಿಯ ಕೂಲರಿನೊಳಗೂ ನೀರು ಸಿಕ್ಕಿತು. ಪಂಪು ಮಾತ್ರ ಇಲ್ಲ.

ಹಾಗಾದರೆ ಪಂಪಿನ ನೀರು ನಿಷ್ಪ್ರಯೋಜಕವೋ? ಹಾಗಲ್ಲ. ಒಂದೇ ಗಾತ್ರದ ಗಾಳಿಗೆ ಹೋಲಿಸಿದರೆ ನೀರು ಸುಮಾರು 3,500 ಪಾಲು ಶಾಖವನ್ನು ಹೊರಬಲ್ಲುದು. ಇಕ್ಕಟ್ಟಾದ ಜಾಗದಿಂದ ಬಹಳ ಶಾಖವನ್ನು ದೂರದ, ವಿಸ್ತಾರವಾದ ರೇಡಿಯೇಟರಿಗೆ ಸಾಗಿಸಬೇಕಾದಾಗ ಇದು ಉತ್ತಮವಾದ ಬಂಡಿ. 1985ರಲ್ಲಿ ಬಂದ ಕ್ರೇ-2 ಎಂಬ ಮಹಾಯಂತ್ರದಲ್ಲಿ ವಿದ್ಯುತ್ತು ಹರಿಯದ ಒಂದು ದ್ರವದೊಳಗೆ ಹಲಗೆಗಳನ್ನೇ ಮುಳುಗಿಸಿದ್ದರು. ಈಗ ಮನೆಗೆ ಬರುವ ಪ್ರೊಸೆಸರುಗಳಲ್ಲಿಯೂ ಕೆಲವು ಅಗ್ನಿಹೋತ್ರಿಗಳಿವೆ: ಇಂಟೆಲ್ ಕೋರ್ ಐ9-14900ಕೆ ಎಂಬುದು ಸಾಧಾರಣ ಲೆಕ್ಕಕ್ಕೆ 125 ವ್ಯಾಟಿನದು, ಓಟಕ್ಕೆ ನಿಂತಾಗ 253 ವ್ಯಾಟುಗಳವರೆಗೆ ಎಳೆಯುವುದು. ಅಂಥದನ್ನು ಗಂಟೆಗಟ್ಟಲೆ ದುಡಿಸುವವನು 360 ಮಿಲಿಮೀಟರಿನ ರೇಡಿಯೇಟರನ್ನು ಕೊಂಡರೆ ನಾವು ಬೇಡವೆನ್ನಲಾರೆವು. ಜಾಗದ ಮಾತೂ ಇದೆ. ನಾಕ್ಟುವಾ ಎನ್‌ಎಚ್-ಡಿ15 ಎಂಬ ಪ್ರಸಿದ್ಧವಾದ ಗಾಳಿಯ ಕೂಲರು ಫ್ಯಾನುಗಳು ಸೇರಿ 165 ಮಿಲಿಮೀಟರು ಎತ್ತರ, 1,320 ಗ್ರಾಮು ತೂಕ. ಕಿರಿದಾದ ಪೆಟ್ಟಿಗೆಯಲ್ಲಿ ಅದು ಹಿಡಿಸದು, ಊರಿಂದೂರಿಗೆ ಸಾಗಿಸುವ ಯಂತ್ರದಲ್ಲಿ ಅಷ್ಟು ಭಾರ ತೂಗುವುದೂ ಒಳ್ಳೆಯದಲ್ಲ.

ಆದರೆ ಗೃಹಸ್ಥನು ಕೇಳಬೇಕಾದ ಇನ್ನೊಂದು ಪ್ರಶ್ನೆಯಿದೆ: ಕೆಟ್ಟರೆ ಏನಾಗುವುದು? ಗಾಳಿಯದರಲ್ಲಿ ಕೆಡತಕ್ಕದ್ದು ಫ್ಯಾನೊಂದೇ. ಕೆಲವು ನೂರು ರೂಪಾಯಿಗಳಿಗೆ ಸಿಕ್ಕುವುದು, ಅದು ನಿಂತರೂ ತಗಡುಗಳು ಸ್ವಲ್ಪಮಟ್ಟಿಗೆ ಕೆಲಸಮಾಡುತ್ತಲೇ ಇರುವುವು. ನೀರಿನದರಲ್ಲಿ ಪಂಪು ನಿಂತರೆ ಶಾಖವು ನಿಂತಲ್ಲಿಯೇ ನಿಂತು ಕ್ಷಣಗಳಲ್ಲಿ ಏರುವುದು, ಮುಚ್ಚಿದ ಯಂತ್ರವಾದುದರಿಂದ ಇಡಿಯಾಗಿ ಹೊಸದನ್ನೇ ತರಬೇಕು. ದ್ರವವು ನಳಿಗೆಯ ಮೈಯಿಂದ ವರ್ಷವರ್ಷವೂ ಅತ್ಯಲ್ಪವಾಗಿ ಆರಿಹೋಗುವುದು. ಸೋರುವುದು ಅಪರೂಪ, ಸೋರಿದರೆ ಕೆಳಗಿರುವುದು ಬೆಲೆಬಾಳುವ ಗ್ರಾಫಿಕ್ಸ್ ಕಾರ್ಡು. ನೀರನ್ನೇ ಕೊಳ್ಳುವವರು ಪಂಪು ಎಲ್ಲಕ್ಕಿಂತ ಮೇಲೆ ಬಾರದಂತೆ ರೇಡಿಯೇಟರನ್ನು ಕೂರಿಸಲು ಹೇಳಬೇಕು. ಒಳಗಿನ ಗಾಳಿಗುಳ್ಳೆಗಳು ಎತ್ತರವನ್ನು ಹುಡುಕಿ ಪಂಪಿನಲ್ಲಿ ಸೇರಿಕೊಂಡರೆ ಅದು ಗೊಣಗುವುದು, ಸವೆಯುವುದು.

ಇಷ್ಟನ್ನು ಅರಿತ ಮೇಲೆ ನಾವು ಮಾಡಬೇಕಾಗಿದ್ದ ಮೊದಲ ಕೆಲಸವನ್ನು ಕೊನೆಗೆ ಮಾಡಿದೆವು. ಎಂದರೆ ರೋಗಿಯನ್ನು ನೋಡಿದೆವು. ಕಂಪ್ಯೂಟರು ಮೇಜಿನ ಕೆಳಗಿನ ಮರದ ಕಪಾಟಿನಲ್ಲಿ, ಬೆನ್ನು ಗೋಡೆಗೆ ಒತ್ತಿ, ಮುಂದೆ ಬಾಗಿಲು ಮುಚ್ಚಿಕೊಂಡು ಕುಳಿತಿತ್ತು. ಧೂಳು ಬಾರದಿರಲೆಂದು ನಮ್ಮ ಮಗಳೇ ಮಾಡಿಸಿದ್ದ ಬಾಗಿಲು ಅದು. ಕೋಣೆಯಲ್ಲಿ 38 ಡಿಗ್ರಿ. ಕಪಾಟಿನೊಳಗೆ ಉಷ್ಣಮಾಪಕವನ್ನಿಟ್ಟರೆ 49. ಕೂಲರು ಹೊರಗೆಸೆದ ಬಿಸಿಯನ್ನೇ ಮತ್ತೆ ಉಸಿರಾಡುತ್ತಿತ್ತು. ಅಂಥ ಕಪಾಟಿನಲ್ಲಿ 14,000 ರೂಪಾಯಿಗಳ ರೇಡಿಯೇಟರನ್ನು ಇಟ್ಟರೂ ಅದು ಆ 49ರಿಂದಲೇ ಆರಂಭಿಸಬೇಕು. ಪ್ರೊಸೆಸರಿನ ವಿವರಪತ್ರದಲ್ಲಿ 65 ವ್ಯಾಟೆಂದು ಹುಡುಗನು ಓದಿದ್ದನು. ಅದರ ಕೆಳಗೆಯೇ ಗರಿಷ್ಠ 180 ಎಂದಿದ್ದುದನ್ನು ಓದಿರಲಿಲ್ಲ. ಯಂತ್ರದೊಡನೆ ಬಂದ ಕಿರುಕೂಲರಿನ ಸಂದುಗಳು ಧೂಳಿನಿಂದ ಮೆತ್ತಿಹೋಗಿದ್ದುವು.

ಯಂತ್ರವನ್ನು ಆರಿಸಿ ಹೊರಗೆಳೆದು, ಫ್ಯಾನು ತಿರುಗದಂತೆ ಬೆರಳಿನಿಂದ ಹಿಡಿದು ಬ್ರಷ್ಷಿನಿಂದ ಧೂಳನ್ನು ತೆಗೆದು, ಕಿಟಕಿಯ ಬಳಿ ಇಟ್ಟು ಅದೇ ಕೆಲಸವನ್ನು ಮಾಡಿಸಿದೆವು. 100ಕ್ಕೆ ಅಂಟಿಕೊಂಡಿದ್ದ ಅಂಕಿ 93ಕ್ಕೆ ಇಳಿಯಿತು, ಕೆಲಸವು ಎರಡೂಮುಕ್ಕಾಲು ಗಂಟೆಗೆ ಬಂತು. ಉಳಿದ ಕೊರತೆಗೆ ನಾಲ್ಕು ತಾಮ್ರದ ಕೊಳವೆಗಳೂ 120 ಮಿಲಿಮೀಟರಿನ ಫ್ಯಾನೂ ಇರುವ ಗಾಳಿಯ ಕೂಲರೊಂದನ್ನು 2,800 ರೂಪಾಯಿಗಳಿಗೆ ತರಿಸಿದೆವು. ಹಳೆಯ ಲೇಪವನ್ನು ಒರೆಸಿ, ಹೊಸದನ್ನು ಬಟಾಣಿಯಷ್ಟು ಇಟ್ಟು ಕೂರಿಸಿದನು. ಗಂಧದಂತೆ ಧಾರಾಳವಾಗಿ ಬಳಿಯಹೊರಟಿದ್ದವನನ್ನು ಪುಸ್ತಿಕೆಯನ್ನು ಓದಿ ತಡೆದವರು ನಾವು. ಅಂಕಿ 84. ಹೊತ್ತು ಎರಡೂಕಾಲು ಗಂಟೆ.

ಮುಂಗಡವನ್ನು ಹಿಂದಕ್ಕೆ ಕೇಳಿದ್ದವರಿಗೆ ಮೂರನೆಯ ದಿನ ವೀಡಿಯೋ ತಲಪಿತು. ಬಾಕಿ ಹಿಡಿದವರು ಇನ್ನೂ ಕೊಟ್ಟಿಲ್ಲ. ಕಾಲೇಜಿನ ಶುಲ್ಕವು ಜ್ಯೇಷ್ಠದಲ್ಲಿ ಸಂದಾಯವಾಯಿತು. ತಿಂಗಳಿಗೊಮ್ಮೆ ಧೂಳನ್ನು ತೆಗೆಯುವ ಕೆಲಸವನ್ನು ಆ ಕಿರಿಯ ಹುಡುಗಿಯೇ ವಹಿಸಿಕೊಂಡಿದ್ದಾಳೆ. ಕಪಾಟಿನ ಬಾಗಿಲನ್ನು ಬಡಗಿಯಿಂದ ಕಳಚಿಸಿ ಅಟ್ಟದ ಮೇಲೆ ಹಾಕಿಸಿದ್ದೇವೆ.